ಗುರಿ ಮುಟ್ಟಿದ ಮೇಲೂ ಅಲುಗಾಡುವ ತೂಕ

ಬಯಸಿದ ತೂಕಕ್ಕೆ ಇಳಿದ ದೇಹ ಆ ಅಂಕಿಯ ಮೇಲೆಯೇ ಕದಲದೆ ನಿಲ್ಲುವುದಿಲ್ಲ. ಆರೋಗ್ಯವಾಗಿರುವ ವಯಸ್ಕರ ತೂಕ ಒಂದೆರಡು ದಿನಗಳಲ್ಲಿ ಒಂದರಿಂದ ಎರಡು ಕೆ.ಜಿ.ವರೆಗೆ ಏರುವುದು, ಮತ್ತೆ ಅಷ್ಟೇ ಬೇಗ ಇಳಿಯುವುದು ಸಹಜ. ಈ ಏರಿಳಿತದಲ್ಲಿ ಬಹುಪಾಲು ನೀರಿನದು, ಉಪ್ಪಿನದು, ಹೊಟ್ಟೆ ಕರುಳಿನಲ್ಲಿ ಇನ್ನೂ ಉಳಿದಿರುವ ಆಹಾರದ್ದು. ಕೊಬ್ಬಿನ ಪಾಲು ಅತ್ಯಲ್ಪ. ಆದರೆ ತಿಂಗಳುಗಟ್ಟಲೆ ಬಾಯಿ ಕಟ್ಟಿ, ನಡೆದು, ಬೆವರು ಹರಿಸಿ ತೂಕ ಇಳಿಸಿದವರಿಗೆ ಯಂತ್ರದ ಮೇಲೆ ಒಂದು ಕೆ.ಜಿ. ಹೆಚ್ಚು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದೇ ಗಾಬರಿಯಲ್ಲಿ ಕೆಲವರು ಊಟ ಬಿಡುತ್ತಾರೆ, ಇನ್ನು ಕೆಲವರು ಎಲ್ಲ ಮುಗಿಯಿತೆಂದು ಕೈಚೆಲ್ಲುತ್ತಾರೆ. ತೂಕ ನಿಜವಾಗಿ ಮರಳಿ ಬರಲು ಈ ಎರಡೂ ದಾರಿಯಾಗಬಹುದು.

ಲಂಡನ್ನಿನ ವಾಯವ್ಯ ಅಂಚಿನ ಕೊಲಿಂಡೇಲ್‌ನಂಥ ಬಡಾವಣೆಯ ವಾರವನ್ನು ಗಮನಿಸಿದರೆ ಈ ಏರಿಳಿತ ಎಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಬಾರ್ನೆಟ್ ಬರೋಗೆ ಸೇರಿದ ಈ ಪ್ರದೇಶದಲ್ಲಿ ಹಿಂದೆ ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಭಂಡಾರವಿತ್ತು. 2013ರಲ್ಲಿ ಅದು ಮುಚ್ಚಿದ ಮೇಲೆ ಆ ಜಾಗದಲ್ಲೂ, ಹೆಂಡನ್ ಪೊಲೀಸ್ ಕಾಲೇಜಿನ ಹಳೆಯ ಆವರಣದಲ್ಲೂ ಎತ್ತರದ ಅಪಾರ್ಟ್‌ಮೆಂಟುಗಳು ಎದ್ದಿವೆ. ನಾರ್ದರ್ನ್ ಲೈನ್ ಹಿಡಿದು ನಗರದ ಕಚೇರಿಗಳಿಗೆ ಹೋಗುವ ಭಾರತೀಯ ಕುಟುಂಬಗಳು ಇಲ್ಲಿ ಬಹಳ. ಸೋಮವಾರದಿಂದ ಶುಕ್ರವಾರದವರೆಗೆ ಡಬ್ಬಿಯ ಊಟ, ಟ್ಯೂಬ್ ಸ್ಟೇಷನ್ನಿಗೆ ನಡಿಗೆ, ಲೆಕ್ಕದ ಬದುಕು. ಶನಿವಾರ, ಭಾನುವಾರ ಬಂದರೆ ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಯುಗಾದಿ ಅಥವಾ ರಾಜ್ಯೋತ್ಸವದ ಕೂಟ. ಕನ್ನಡ ಮನೆಗಳಲ್ಲಿ ಹಬ್ಬಗಳು ವಾರದ ಮಧ್ಯೆ ಬಿದ್ದರೂ ಅವುಗಳ ಊಟ ವಾರಾಂತ್ಯಕ್ಕೇ ಸರಿಯುತ್ತದೆ.

ಅಂಥ ಒಂದು ಯುಗಾದಿ ಭಾನುವಾರದ ಲೆಕ್ಕ ಹಾಕಬಹುದು. ಒಬ್ಬ ವ್ಯಕ್ತಿಯ ಎತ್ತರ 172 ಸೆಂ.ಮೀ., ಗುರಿ ತೂಕ 68 ಕೆ.ಜಿ. ಎಂದಿಟ್ಟುಕೊಳ್ಳೋಣ. ಎಲೆಯ ಮೇಲೆ ಪುಳಿಯೋಗರೆ, ಕೋಸಂಬರಿ, ಒಬ್ಬಟ್ಟಿನ ಸಾರು, ಹಪ್ಪಳ, ಉಪ್ಪಿನಕಾಯಿ, ತುಪ್ಪ ಹಾಕಿದ ಮೂರು ಹೋಳಿಗೆ. ಸೋಮವಾರ ಬೆಳಗ್ಗೆ ಯಂತ್ರ 69.4 ತೋರಿಸುತ್ತದೆ. ಒಂದು ಕೆ.ಜಿ. ದೇಹದ ಕೊಬ್ಬು ಕೂಡಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಒಳಗೆ ಹೋಗಬೇಕು. ತುಪ್ಪ ಸವರಿದ ಒಂದು ಹೋಳಿಗೆಗೆ 300 ಕ್ಯಾಲೊರಿ ಎಂದು ಹಿಡಿದರೂ, ದಿನದ ಊಟವೆಲ್ಲ ಮುಗಿದ ಮೇಲೆ ಇನ್ನೂ ಇಪ್ಪತ್ತೈದಕ್ಕಿಂತ ಹೆಚ್ಚು ಹೋಳಿಗೆ ತಿಂದರೆ ಮಾತ್ರ ಒಂದು ಕೆ.ಜಿ. ಕೊಬ್ಬಾಗುತ್ತದೆ. ಮೂರು ಹೋಳಿಗೆ ತಿಂದವರ ಮೈಗೆ ಒಂದೂವರೆ ಕೆ.ಜಿ. ಕೊಬ್ಬು ರಾತ್ರೋರಾತ್ರಿ ಹತ್ತುವುದು ಸಾಧ್ಯವೇ ಇಲ್ಲ.

ಹಾಗಾದರೆ ಆ ಭಾರ ಯಾವುದು? ಮೊದಲನೆಯದು ಉಪ್ಪು. ದೇಹದ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿನ ಹದವಿರುತ್ತದೆ. ಉಪ್ಪು ಹೆಚ್ಚು ಒಳಗೆ ಬಂದರೆ ಆ ಹದ ಕಾಯಲು ದೇಹ ನೀರನ್ನೂ ಹಿಡಿದಿಡುತ್ತದೆ. ಇಡೀ ದಿನಕ್ಕೆ 6 ಗ್ರಾಂ ಉಪ್ಪು ಸಾಕೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 5 ಗ್ರಾಂಗಿಂತ ಕಡಿಮೆ. ಹಪ್ಪಳ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಒಂದೇ ಎಲೆಯ ಮೇಲೆ ಕೂಡಿದಾಗ ಈ ಮಿತಿ ದಾಟುವುದು ಬಹಳ ಸುಲಭ. ಹೆಚ್ಚುವರಿ ಉಪ್ಪನ್ನು ಮೂತ್ರಪಿಂಡಗಳು ಹೊರಹಾಕಲು ಒಂದೆರಡು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ನೀರೂ ಮೈಯಲ್ಲೇ ಇರುತ್ತದೆ.

ಎರಡನೆಯದು ಗ್ಲೈಕೋಜನ್. ಅನ್ನ, ಬೆಲ್ಲ, ಮೈದಾದಿಂದ ಬಂದ ಸಕ್ಕರೆಯನ್ನು ದೇಹ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಈ ರೂಪದಲ್ಲಿ ಕೂಡಿಡುತ್ತದೆ. ಇದರ ಒಟ್ಟು ಸಂಗ್ರಹ ಸುಮಾರು ಅರ್ಧ ಕೆ.ಜಿ., ಆದರೆ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರಿರುತ್ತದೆ. ಅನ್ನ, ಚಪಾತಿ ಬಿಟ್ಟು ತೂಕ ಇಳಿಸಿದವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಅವರು ಮೊದಲ ವಾರಗಳಲ್ಲಿ ಸರ್ರನೆ ಇಳಿಸಿದ ತೂಕದಲ್ಲಿ ಈ ನೀರೂ ಇತ್ತು. ಗುರಿ ಮುಟ್ಟಿ ಮತ್ತೆ ಎರಡು ಹೊತ್ತು ಅನ್ನ ಊಟ ಮಾಡಲು ತೊಡಗಿದ ಕೂಡಲೇ ಅದು ತನ್ನ ಜಾಗಕ್ಕೆ ಹಿಂತಿರುಗುತ್ತದೆ. ಆ ಒಂದೂವರೆ ಕೆ.ಜಿ.ಯನ್ನು ಸೋಲೆಂದು ಎಣಿಸಿ ಮತ್ತೆ ಅನ್ನ ಬಿಡುವುದರಲ್ಲಿ ಅರ್ಥವಿಲ್ಲ. ಅಂಥವರು ಸಾಮಾನ್ಯ ಊಟಕ್ಕೆ ಮರಳಿದ ಮೂರು ನಾಲ್ಕು ವಾರಗಳ ನಂತರ ನಿಂತ ತೂಕವನ್ನೇ ತಮ್ಮ ನಿಜವಾದ ತೂಕ ಎಂದುಕೊಳ್ಳುವುದು ಸರಿ.

ಉಳಿದ ಕಾರಣಗಳು ಚಿಕ್ಕವು, ಆದರೆ ಹಲವು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಲವು ಮಹಿಳೆಯರ ತೂಕ ನೀರು ತುಂಬಿ ಒಂದೆರಡು ಕೆ.ಜಿ. ಏರುತ್ತದೆ, ಹಾಗಾಗಿ ಅವರು ಒಂದು ತಿಂಗಳ ತೂಕವನ್ನು ಹಿಂದಿನ ತಿಂಗಳಿನ ಅದೇ ದಿನಗಳ ಜೊತೆ ಹೋಲಿಸಬೇಕು. ಮಲಬದ್ಧತೆ, ಜಿಮ್ಮಿನಲ್ಲಿ ಹೊಸದಾಗಿ ಭಾರ ಎತ್ತಿ ಸ್ನಾಯು ನೊಂದಿರುವುದು, ಬೆಂಗಳೂರಿನಿಂದ ಹೀಥ್ರೋವರೆಗೆ ಹತ್ತು ಗಂಟೆಗೂ ಮಿಕ್ಕಿ ಕೂತು ಬಂದು ಕಾಲು ಊದಿಕೊಂಡಿರುವುದು, ಇವೆಲ್ಲವೂ ಯಂತ್ರದಲ್ಲಿ ಕಾಣುತ್ತವೆ.

ದೇಹದ ತೂಕ ಸದಾ ಚಲಿಸುತ್ತಿರುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದವನು ಇಟಲಿಯ ಪಾಡುವಾದ ವೈದ್ಯ ಸ್ಯಾಂಟೋರಿಯೊ. ಆತ ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಉಂಡು, ತನ್ನನ್ನೂ ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಾನುವರ್ಷ ತೂಗಿ, ಫಲಿತಾಂಶವನ್ನು 1614ರಲ್ಲಿ ಪ್ರಕಟಿಸಿದ. ಉಂಡು ಕುಡಿದ ಎಂಟು ಪೌಂಡಿನಲ್ಲಿ ಸುಮಾರು ಐದು ಪೌಂಡು ಕಣ್ಣಿಗೆ ಕಾಣದೆ ಚರ್ಮ ಮತ್ತು ಉಸಿರಿನ ಮೂಲಕ ಹೋಗುತ್ತದೆ ಎಂಬುದು ಅವನ ಲೆಕ್ಕ. ಲಂಡನ್ನಿನಲ್ಲೂ ತೂಗಿಸಿಕೊಳ್ಳುವ ಹವ್ಯಾಸ ಹಳೆಯದು. ಸೇಂಟ್ ಜೇಮ್ಸ್ ಸ್ಟ್ರೀಟಿನ ಬೆರಿ ಬ್ರದರ್ಸ್ ಅಂಗಡಿಯಲ್ಲಿ ಕಾಫಿ ತೂಗುವ ದೊಡ್ಡ ತಕ್ಕಡಿಯ ಮೇಲೆ ಗಿರಾಕಿಗಳನ್ನು ಕೂರಿಸಿ ತೂಗಿ ಪುಸ್ತಕದಲ್ಲಿ ಬರೆದಿಡುವುದು 1765ರಿಂದ ನಡೆದುಬಂದಿದೆ. ಜೀವನವಿಡೀ ದಪ್ಪವಾಗುವ ಭಯದಲ್ಲಿ ಉಪವಾಸ ಮಾಡುತ್ತಿದ್ದ ಕವಿ ಬೈರನ್ನನ ತೂಕವೂ ಆ ಪುಸ್ತಕಗಳಲ್ಲಿದೆ.

ಇಂದಿನ ಯಂತ್ರಗಳು ನೂರು ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುತ್ತವೆ. ಆ ಸೂಕ್ಷ್ಮತೆಯನ್ನು ನಂಬಬೇಕಾದರೆ ತೂಗುವ ರೀತಿ ಒಂದೇ ಆಗಿರಬೇಕು: ಬೆಳಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮುಂಚೆ, ತೆಳು ಬಟ್ಟೆಯಲ್ಲಿ. ಬ್ರಿಟನ್ನಿನ ಮನೆಗಳಲ್ಲಿ ಮಲಗುವ ಕೋಣೆಗೆ ಹೆಚ್ಚಾಗಿ ಕಾರ್ಪೆಟ್ ಹಾಸಿರುತ್ತಾರೆ. ಮೆತ್ತನೆಯ ನೆಲದ ಮೇಲೆ ಯಂತ್ರದ ಕಾಲು ಹೂತುಕೊಂಡು ಅಂಕಿ ತಪ್ಪಾಗುತ್ತದೆ, ಆದ್ದರಿಂದ ಅದರ ಜಾಗ ಬಚ್ಚಲುಮನೆಯ ಗಟ್ಟಿ ನೆಲವೇ. ಇಲ್ಲಿನ ಯಂತ್ರಗಳಲ್ಲಿ ಸ್ಟೋನ್ ಮತ್ತು ಪೌಂಡ್ ಕೂಡ ಬರುತ್ತವೆ. ಒಂದು ಸ್ಟೋನ್ ಎಂದರೆ 14 ಪೌಂಡ್, ಅಂದರೆ 6.35 ಕೆ.ಜಿ.

ಒಂದು ದಿನದ ಅಂಕಿಗೆ ಬೆಲೆ ಕಡಿಮೆ, ವಾರದ ಸರಾಸರಿಗೆ ಬೆಲೆ ಹೆಚ್ಚು. ಮೇಲಿನ ವ್ಯಕ್ತಿಯ ಮುಂದಿನ ಒಂದು ವಾರ, ಸೋಮವಾರದಿಂದ ಭಾನುವಾರದವರೆಗೆ, ಹೀಗಿರಬಹುದು: 68.9, 68.4, 68.1, 67.8, 68.0, 67.7, 68.3. ಸೋಮವಾರದ್ದನ್ನಷ್ಟೇ ನೋಡಿದರೆ ತೂಕ ಏರಿದೆ, ಶನಿವಾರದ್ದನ್ನಷ್ಟೇ ನೋಡಿದರೆ ಇಳಿದಿದೆ. ಏಳೂ ದಿನದ ಸರಾಸರಿ 68.2, ಅಂದರೆ ತೂಕ ಇದ್ದಲ್ಲೇ ಇದೆ. ದಿನವೂ ತೂಗಲು ಮನಸ್ಸಿಲ್ಲದವರು ವಾರಕ್ಕೊಮ್ಮೆ ತೂಗಬಹುದು, ಆದರೆ ಸೋಮವಾರ ಬೇಡ. ವಾರದ ಮಧ್ಯದ ದಿನವೊಂದನ್ನು ಗೊತ್ತುಮಾಡಿಕೊಂಡರೆ ವಾರಾಂತ್ಯದ ಉಪ್ಪು ನೀರು ಅಷ್ಟರಲ್ಲಿ ಇಳಿದಿರುತ್ತದೆ.

ಹಾಗಾಗಿ ಗುರಿಯನ್ನು ಒಂದು ಅಂಕಿಯಾಗಿ ಇಟ್ಟುಕೊಳ್ಳದೆ, ಮೇಲೊಂದು ಕೆಳಗೊಂದು ಗೆರೆ ಎಳೆದುಕೊಳ್ಳುವುದು ಜಾಣತನ. ತೂಕ ಕಾಪಾಡಿಕೊಳ್ಳುವುದು ಎಂದರೆ ಶೇ. 3ಕ್ಕಿಂತ ಕಡಿಮೆ ಬದಲಾವಣೆ ಎಂಬ ವ್ಯಾಖ್ಯೆಯನ್ನು 2006ರಲ್ಲಿ ಸಂಶೋಧಕರು ಮುಂದಿಟ್ಟರು. 68 ಕೆ.ಜಿ.ಗೆ ಇದು ಸುಮಾರು 2 ಕೆ.ಜಿ., ಅಂದರೆ 66ರಿಂದ 70ರವರೆಗೂ ಆ ವ್ಯಕ್ತಿ ತನ್ನ ಗುರಿಯಲ್ಲೇ ಇದ್ದಾನೆ. ಬ್ರಿಟನ್ನಿನಲ್ಲಿ 1969ರಿಂದ ನಡೆದಿರುವ ಸ್ಲಿಮ್ಮಿಂಗ್ ವರ್ಲ್ಡ್ ಗುಂಪುಗಳೂ ಗುರಿಯ ಆಚೆ ಈಚೆ 3 ಪೌಂಡ್‌ಗಳನ್ನು ಗುರಿಯೆಂದೇ ಪರಿಗಣಿಸುತ್ತವೆ.

ಗೆರೆ ದಾಟಿದಾಗ ಏನು ಮಾಡಬೇಕೆಂಬುದಕ್ಕೆ ಅಮೆರಿಕದ ರೆನಾ ವಿಂಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ದಾರಿ ತೋರಿಸುತ್ತದೆ. ತೂಕ ಇಳಿಸಿಕೊಂಡಿದ್ದ 314 ಜನರನ್ನು ಅವರು ಹದಿನೆಂಟು ತಿಂಗಳು ಗಮನಿಸಿದರು. ಅವರಲ್ಲಿ ಕೆಲವರಿಗೆ ದಿನವೂ ತೂಗಿಕೊಂಡು, 3 ಪೌಂಡ್ ಒಳಗಿನ ಏರಿಕೆಯನ್ನು ಹಸಿರು, 3–4 ಪೌಂಡ್ ಏರಿಕೆಯನ್ನು ಹಳದಿ, 5 ಪೌಂಡ್ ಮುಟ್ಟಿದರೆ ಕೆಂಪು ಎಂದು ನೋಡಿಕೊಳ್ಳಲು ಕಲಿಸಿದರು. ಹಸಿರಿನಲ್ಲಿದ್ದರೆ ಏನೂ ಬದಲಿಸುವುದು ಬೇಡ, ಹಳದಿಯಲ್ಲಿ ಊಟ ನಡಿಗೆಯಲ್ಲಿ ಸಣ್ಣ ತಿದ್ದುಪಡಿ, ಕೆಂಪಿನಲ್ಲಿ ಮೊದಲು ತೂಕ ಇಳಿಸಿದ ಕ್ರಮಕ್ಕೇ ವಾಪಸ್. ಕಾಗದದಲ್ಲಿ ಸಲಹೆ ಮಾತ್ರ ಪಡೆದವರಲ್ಲಿ ಶೇ. 72 ಮಂದಿಗೆ 5 ಪೌಂಡ್ ಅಥವಾ ಹೆಚ್ಚು ತೂಕ ಮರಳಿತು; ಮುಖಾಮುಖಿ ಗುಂಪುಗಳಲ್ಲಿ ಈ ಕ್ರಮ ಕಲಿತವರಲ್ಲಿ ಆ ಪ್ರಮಾಣ ಶೇ. 46. ಅರ್ಧಕ್ಕೆ ಹತ್ತಿರದವರು ಕಲಿತರೂ ಏರಿದರು ಎಂಬುದನ್ನೂ ಮರೆಮಾಚಬಾರದು. ಈ ಕೆಲಸ ಕಷ್ಟದ್ದೇ.

ಅದು ಕಷ್ಟವಾಗುವುದು ಮನೋಬಲ ಸಾಲದೆ ಅಲ್ಲ. ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಏರಿದ ಮಟ್ಟದಲ್ಲೂ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಕುಗ್ಗಿದ ಮಟ್ಟದಲ್ಲೂ ಉಳಿದಿದ್ದವು. ಇಳಿದ ಪ್ರತಿ ಕೆ.ಜಿ.ಗೆ ದೇಹದ ದಿನದ ಖರ್ಚು 20–30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ ಎಂದು ಅಮೆರಿಕದ ಕೆವಿನ್ ಹಾಲ್ ತಂಡ 2016ರಲ್ಲಿ ಅಂದಾಜಿಸಿತು. ತೂಕ ಇಳಿಸುವ ಚುಚ್ಚುಮದ್ದು ನಿಲ್ಲಿಸಿದವರಲ್ಲಿ ತೂಕ ಬೇಗ ಮರಳುವುದಕ್ಕೂ ಇದೇ ಕಾರಣ. ಔಷಧಿ ಅದುಮಿಟ್ಟಿದ್ದ ಹಸಿವು ಪೂರ್ತಿ ಎದ್ದು ಬರುತ್ತದೆ. ಅಂಥವರು ಔಷಧಿ ನಿಲ್ಲಿಸುವ ಮುನ್ನವೇ ವೈದ್ಯರ ಜೊತೆ ಮುಂದಿನ ವರ್ಷದ ಯೋಜನೆ ಮಾಡಿಕೊಳ್ಳಬೇಕು.

ಸಣ್ಣ ತಿದ್ದುಪಡಿ ನಿಜಕ್ಕೂ ಸಣ್ಣದಾಗಿರಬೇಕು. ಎರಡು ವಾರದ ಸರಾಸರಿ ಏರುತ್ತಿದ್ದರೆ ರಾತ್ರಿಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ ಪಲ್ಯ, ಹುಳಿಯ ತರಕಾರಿ ಹೆಚ್ಚಿಸುವುದು, ಸಂಜೆಯ ಚಹಾದ ಜೊತೆಗಿನ ಬಿಸ್ಕತ್ತು, ಚಕ್ಕುಲಿ ಬಿಡುವುದು, ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುವುದು, ಅರ್ಧ ಗಂಟೆ ಹೆಚ್ಚು ನಡೆಯುವುದು, ಇಷ್ಟು ಸಾಕಾಗುತ್ತದೆ. ಕೊಲಿಂಡೇಲ್‌ನವರಿಗೆ ನಡೆಯಲು ಜಾಗದ ಕೊರತೆಯಿಲ್ಲ: ಸಿಲ್ಕ್‌ಸ್ಟ್ರೀಮ್ ಮತ್ತು ಮಾಂಟ್ರೋಸ್ ಪಾರ್ಕುಗಳಿವೆ, ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಆವರಣವಿದೆ, ತುಸು ದಕ್ಷಿಣಕ್ಕೆ ವೆಲ್ಶ್ ಹಾರ್ಪ್ ಕೆರೆಯ ದಂಡೆಯಿದೆ. ಕೊರತೆ ಬೆಳಕಿನದು. ಡಿಸೆಂಬರಿನಲ್ಲಿ ಸೂರ್ಯ ನಾಲ್ಕು ಗಂಟೆಗೆ ಮುಂಚೆಯೇ ಮುಳುಗುವುದರಿಂದ ಸಂಜೆಯ ನಡಿಗೆ ತಾನಾಗಿ ನಿಂತುಹೋಗುತ್ತದೆ. ದೀಪಾವಳಿಯಿಂದ ಕ್ರಿಸ್ಮಸ್‌ವರೆಗಿನ ಸಿಹಿಯೂ ಅದೇ ಕಾಲದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ 272 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಈ ಕಾಲದ ಕುರಿತೇ ಇದೆ. ಕ್ರಿಸ್ಮಸ್ ಅವಧಿಯಲ್ಲಿ ವಾರಕ್ಕೆ ಎರಡು ಬಾರಿಯಾದರೂ ತೂಗಿಕೊಂಡು, ತಿಂಡಿಯ ಕ್ಯಾಲೊರಿ ಕರಗಿಸಲು ಎಷ್ಟು ನಡೆಯಬೇಕೆಂಬ ಮಾಹಿತಿ ಪಡೆದವರು, ಪಡೆಯದವರಿಗಿಂತ ಸರಾಸರಿ ಅರ್ಧ ಕೆ.ಜಿ. ಕಡಿಮೆ ಇದ್ದರು. ಅರ್ಧ ಕೆ.ಜಿ. ಅಲ್ಪವೆನಿಸಬಹುದು, ಆದರೆ ಹಬ್ಬದ ತೂಕ ಇಳಿಯದೆ ವರ್ಷವರ್ಷವೂ ಕೂಡಿದರೆ ಹತ್ತು ವರ್ಷಕ್ಕೆ ಐದು ಕೆ.ಜಿ.ಯಾಗುತ್ತದೆ.

ಊರಿಗೆ ಹೋಗಿಬಂದ ಮೇಲಿನ ತೂಕ ಬೇರೆ ಮಾತು. ಮೂರ್ನಾಲ್ಕು ವಾರ ನೆಂಟರ ಮನೆಗಳಲ್ಲಿ ಉಂಡಾಗ ಕೂಡುವುದರಲ್ಲಿ ನೀರೂ ಇರುತ್ತದೆ, ನಿಜವಾದ ಕೊಬ್ಬೂ ಇರುತ್ತದೆ. ಮರಳಿದ ಹತ್ತು ದಿನ ಮನೆಯ ಮಾಮೂಲಿ ಊಟ ಮಾಡಿ, ಆಮೇಲೆ ಸರಾಸರಿ ನೋಡಿ ನಿರ್ಧರಿಸುವುದು ಒಳ್ಳೆಯದು. ಉಳಿದದ್ದನ್ನು ನಿಧಾನವಾಗಿ ಇಳಿಸಬೇಕು. ಏಕಾದಶಿ, ಸಂಕಷ್ಟಿಗಳ ಉಪವಾಸ ಶ್ರದ್ಧೆಯಿಂದ ಮಾಡುವವರು ಮಾಡಲಿ, ಅದನ್ನು ತೂಕಕ್ಕೆ ದಂಡ ಕಟ್ಟುವ ವಿಧಾನವಾಗಿಸುವುದು ಮಾತ್ರ ಬೇಡ. ಸಬ್ಬಕ್ಕಿ, ಅವಲಕ್ಕಿ, ಬಾಳೆಹಣ್ಣಿನ ಫಲಾಹಾರದಲ್ಲಿ ಹಲವು ಬಾರಿ ಮಾಮೂಲಿ ಊಟಕ್ಕಿಂತ ಹೆಚ್ಚು ಕ್ಯಾಲೊರಿ ಇರುತ್ತದೆ.

ಯಂತ್ರದ ಜೊತೆಗೆ ಅಳತೆಪಟ್ಟಿಯೂ ಇರಬೇಕು. ದಕ್ಷಿಣ ಏಷ್ಯಾದವರಿಗೆ ಹೊಟ್ಟೆಯ ಕೊಬ್ಬು ಬೇಗ ಕೂಡುವುದರಿಂದ, ಬ್ರಿಟನ್ನಿನ ನೈಸ್ ಸಂಸ್ಥೆ ಅವರಿಗೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ 23ನ್ನೇ ಅಧಿಕ ತೂಕದ ಆರಂಭವೆಂದೂ 27.5ನ್ನು ಬೊಜ್ಜಿನ ಆರಂಭವೆಂದೂ ಗುರುತಿಸಿದೆ. ಇತರರಿಗೆ ಅವು 25 ಮತ್ತು 30. 172 ಸೆಂ.ಮೀ. ಎತ್ತರಕ್ಕೆ ಬಿಎಂಐ 23 ಎಂದರೆ 68 ಕೆ.ಜಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ, ಅಂದರೆ ಆ ಎತ್ತರದವರಿಗೆ 86 ಸೆಂ.ಮೀ. ಒಳಗೆ, ಇರಬೇಕೆಂದೂ ಅದೇ ಸಂಸ್ಥೆ ಹೇಳುತ್ತದೆ. ತೂಕ ಒಂದು ಕೆ.ಜಿ. ಏರಿದರೂ ಸೊಂಟ ಹಾಗೇ ಇದ್ದರೆ ಚಿಂತಿಸುವ ಕಾರಣ ಕಡಿಮೆ. ತೂಕ ಸ್ಥಿರವಾಗಿದ್ದು ಸೊಂಟ ಹಿಗ್ಗುತ್ತಿದ್ದರೆ ಅದು ಗಮನಿಸಬೇಕಾದ ಸಂಗತಿ.

ಕೆಲವರಿಗೆ ದಿನದ ತೂಕವೇ ಹಿಂಸೆಯಾಗುತ್ತದೆ. ಅಂಕಿ ನೋಡಿ ಇಡೀ ದಿನದ ಮನಸ್ಸು ಕೆಡುವವರು, ಊಟದ ಬಗ್ಗೆ ಅತಿಯಾದ ಭಯ ಅಥವಾ ವಾಂತಿ ಮಾಡಿಕೊಳ್ಳುವ ಹಿನ್ನೆಲೆ ಇರುವವರು ಮನೆಯಲ್ಲಿ ತೂಗುವುದನ್ನು ಬಿಟ್ಟು ತಮ್ಮ ಕುಟುಂಬ ವೈದ್ಯರ (ಜಿ.ಪಿ.) ನೆರವು ಪಡೆಯಬೇಕು. ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದರೂ ಪರೀಕ್ಷೆ ಅಗತ್ಯ. ಥೈರಾಯ್ಡ್, ಸಕ್ಕರೆ ಕಾಯಿಲೆ ಮತ್ತು ಇನ್ನೂ ಗಂಭೀರ ರೋಗಗಳು ಹೀಗೆ ಮೊದಲು ಕಾಣಿಸಿಕೊಳ್ಳಬಹುದು. ಹೃದಯದ ಕಾಯಿಲೆ ಇರುವವರ ತೂಕ ಎರಡು ಮೂರು ದಿನಗಳಲ್ಲಿ 2 ಕೆ.ಜಿ. ಏರಿ, ಕಾಲು ಊದಿ ಏದುಸಿರು ಬರುತ್ತಿದ್ದರೆ ಅದನ್ನು ಹಬ್ಬದ ಊಟದ ಏರಿಕೆ ಎಂದುಕೊಂಡು ಕಾಯುವಂತಿಲ್ಲ. ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು, ಅವರು ಸಿಗದಿದ್ದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ 111ಕ್ಕೆ ಕರೆ ಮಾಡಬೇಕು. ಉಸಿರಾಟ ತೀರಾ ಕಷ್ಟವಾದರೆ ತುರ್ತು ಸಂಖ್ಯೆ 999ಕ್ಕೆ.