ಕೆರೆ ಹೂಳೆತ್ತಲು ಪಂಚಾಯಿತಿ ಯಾರ ಅನುಮತಿ ಪಡೆಯಬೇಕು?

ಶಿಕಾರಿಪುರ, ಸೊರಬ ಕಡೆ ಒಂದೇ ಊರಿಗೆ ಮೂರ್ನಾಲ್ಕು ಕೆರೆ ಇರೋದು ಹೊಸ ಮಾತಲ್ಲ. ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ವಿಷಯ ತಾಳಗುಂದದ ಸ್ತಂಭ ಶಾಸನದಲ್ಲೇ ಇದೆ. ಕೆರೆಗಳೇನೋ ಉಳಿದಿವೆ, ಆದರೆ ಹಲವು ಕಡೆ ಹೂಳು ತುಂಬಿದೆ. ಏಪ್ರಿಲ್‌ನಲ್ಲಿ ನೀರು ಇಳಿದ ಕೂಡಲೇ ಜೆಸಿಬಿ ಇಳಿಸೋಣ ಅಂತ ಊರವರು ಹೊರಡುತ್ತಾರೆ. ಕಾಗದ ಸರಿ ಇಲ್ಲದಿದ್ದರೆ ಅರ್ಧಕ್ಕೇ ಕೆಲಸ ನಿಲ್ಲುತ್ತದೆ, ಅಷ್ಟರಲ್ಲಿ ಮುಂಗಾರು ಬರುತ್ತದೆ. ಅಗೆದು ಬಿಟ್ಟ ಕೆರೆ, ಸಡಿಲಾದ ಏರಿ, ಪಾಸಾಗದ ಬಿಲ್ಲು ಮಾತ್ರ ಉಳಿಯುತ್ತವೆ.

ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ನೋಡಿ

ಇದಕ್ಕೆ ಲೆಕ್ಕ ಅಚ್ಚುಕಟ್ಟಿನದ್ದು. 40 ಹೆಕ್ಟೇರ್‌ಗಿಂತ (ಸುಮಾರು 100 ಎಕರೆ) ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿವೆ. 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ಸಣ್ಣ ಕೆರೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಲ್ಲಿ, ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯಲ್ಲಿ ವಿಚಾರಿಸಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೊಳೆಯುತ್ತದೆ.

ತುಂಗಭದ್ರೆಯ ನೀರು ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆಯಲ್ಲಿ ನಿಮ್ಮ ಕೆರೆ ಇದ್ದರೆ ಕರ್ನಾಟಕ ನೀರಾವರಿ ನಿಗಮವನ್ನೂ ಕೇಳಿ. ಪಹಣಿಯಲ್ಲಿ ಕಾನು ಅಥವಾ ಅರಣ್ಯ ಅಂತ ಇದ್ದರೆ ಅರಣ್ಯ ಇಲಾಖೆ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ತೆಗೆಯಬೇಡಿ. ಸೊರಬದಲ್ಲಿ ಇಂಥ ಕೆರೆಗಳಿವೆ.

ಪ್ರಾಧಿಕಾರದ ಪಾತ್ರ ಏನು?

2014ರ ಕಾಯ್ದೆಯಡಿ ಬಂದ ಸಂಸ್ಥೆಗೆ ಈಗ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಂತ ಹೆಸರು. ಕೆರೆ ಜಾಗ ಒತ್ತುವುದು, ನೀರು ಬರುವ ಅಥವಾ ಹೋಗುವ ಕಾಲುವೆಗೆ ಅಡ್ಡ ಮಾಡುವುದು, ಕೆರೆಯೊಳಗೆ ರಸ್ತೆ ಹಾಕುವುದು, ತ್ಯಾಜ್ಯ ಸುರಿಯುವುದು, ಏರಿ ಒಡೆಯುವುದು, ಕೋಡಿ ತಗ್ಗಿಸುವುದು, ಗಡಿಕಲ್ಲು ಕೀಳುವುದು ಈ ಕಾಯ್ದೆ ಪ್ರಕಾರ ನಿಷಿದ್ಧ. ಪಂಚಾಯಿತಿಗೂ ಇದು ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ಈ ಕೆಲಸ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಮೂಲಕ ನಡೆಯುತ್ತದೆ. ಹಾಗಾಗಿ ನಮಗೆ ಹತ್ತಿರದ ಬಾಗಿಲು ಶಿವಮೊಗ್ಗವೇ, ಬೆಂಗಳೂರಲ್ಲ.

ಕಡತದಲ್ಲಿ ಇರಬೇಕಾದ್ದು

1. ಗ್ರಾಮಸಭೆ ನಿರ್ಣಯ. ಕೆರೆಯ ಸರ್ವೆ ನಂಬರು, ಎಷ್ಟು ಜಾಗ, ಎಷ್ಟು ಆಳ, ತೆಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನೋದು ಬರೆದಿರಲಿ. "ಕೆರೆ ಅಭಿವೃದ್ಧಿ ಮಾಡುವುದು" ಅಂತ ಒಂದೇ ಸಾಲು ಬರೆದರೆ ಸಾಲದು.
2. ಹದ್ದುಬಸ್ತು ನಕ್ಷೆ. ಭೂದಾಖಲೆಗಳ ಇಲಾಖೆಗೆ ಪಂಚಾಯಿತಿಯೇ ಅರ್ಜಿ ಹಾಕಲಿ. ಒತ್ತುವರಿ ಕಂಡರೆ ತೆರವು ಮಾಡಿಸುವುದು ತಹಶೀಲ್ದಾರರ ಕಡೆಯಿಂದ. ಊರವರೇ ಬೇಲಿ ಕಿತ್ತರೆ ಜಗಳ ಠಾಣೆಗೆ ಹೋಗುತ್ತದೆ, ಕೆಲಸ ನಿಲ್ಲುತ್ತದೆ.
3. ಎಂಜಿನಿಯರ್ ತಯಾರಿಸಿದ ಅಂದಾಜು ಪಟ್ಟಿ. ಏರಿ, ತೂಬು, ಕೋಡಿ ಮೂರರ ಮಟ್ಟವೂ ಅದರಲ್ಲಿರಲಿ.
4. ಏರಿ ಮೇಲೆ ಮರ ಕಡಿಯಬೇಕಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ.
5. ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿದ್ದರೆ ಅದರ ಅವಧಿಯ ವಿವರ.

ಉದ್ಯೋಗ ಖಾತ್ರಿಯಲ್ಲಿ ಸಮುದಾಯದ ಕೆರೆ ಹೂಳೆತ್ತುವುದಕ್ಕೆ ಪರಿಸರ ಅನುಮತಿ ಬೇಕಿಲ್ಲ ಅಂತ ಕೇಂದ್ರದ 2016ರ ಜನವರಿ 15ರ ಅಧಿಸೂಚನೆ ಹೇಳುತ್ತದೆ. ಆದರೆ ಈ ವಿನಾಯಿತಿ ಊರಿನ ಕೆಲಸಕ್ಕೆ, ಮಣ್ಣು ಮಾರುವವರಿಗಲ್ಲ.

ಕೋಡಿ ಮುಟ್ಟುವ ಮುಂಚೆ ಯೋಚಿಸಿ

ನಮ್ಮ ಕಡೆಯ ಕೆರೆಗಳು ಸರಪಳಿ ಇದ್ದಂತೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೋಡಿಗೆ ಎರಡು ಸಾಲು ಕಲ್ಲು ಏರಿಸಿದರೆ ನೀರು ಜಾಸ್ತಿ ನಿಲ್ಲುತ್ತದೆ, ನಿಜ. ಆದರೆ ಹಿನ್ನೀರಿನ ಗದ್ದೆ ಮುಳುಗುತ್ತದೆ, ಕೆಳಗಿನ ಊರಿನ ಕೆರೆ ತಡವಾಗಿ ತುಂಬುತ್ತದೆ, ಜೋರು ಮಳೆಗೆ ಏರಿ ಒಡೆಯುವ ಭಯವೂ ಇರುತ್ತದೆ. ಅನುಮತಿ ಕೇಳಬೇಕಾದ್ದು ಮುಖ್ಯವಾಗಿ ಇದಕ್ಕೇ: ನಮ್ಮ ಕೆರೆಯ ನೀರಿನಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಪಾಲಿದೆ. ಕೋಡಿ ಮಟ್ಟ ಬದಲಿಸುವ ಯೋಚನೆ ಇದ್ದರೆ ಕೆಳಗಿನ ಪಂಚಾಯಿತಿಯನ್ನು ಸಭೆಗೆ ಕರೆದು ಮಾತಾಡಿ, ಇಲಾಖೆ ಲಿಖಿತವಾಗಿ ಒಪ್ಪಿದ ಮೇಲಷ್ಟೇ ಕಲ್ಲು ಮುಟ್ಟಿ.

ಗೋಡುಮಣ್ಣಿನ ಲೆಕ್ಕ

ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗ ಆಗುತ್ತದೆ. ಟ್ರೇಲರ್‌ಗೆ 100 ಘನ ಅಡಿಯಂತೆ ಹಿಡಿದರೆ ಅದು 435 ಲೋಡು. ಯಾರ ತೋಟಕ್ಕೆ ಎಷ್ಟು ಲೋಡು ಅಂತ ಪುಸ್ತಕದಲ್ಲಿ ಬರೆದಿಡಿ, ಸಣ್ಣ ರೈತರಿಗೆ ಮೊದಲು ಕೊಡಿ. ಏರಿ ಬುಡದಲ್ಲಿ ಅಗೆಯಬೇಡಿ. ತೂಬಿನ ಮಟ್ಟಕ್ಕಿಂತ ಕೆಳಗೆ ತೆಗೆದ ಗುಂಡಿಯ ನೀರು ದನಕ್ಕೆ ಆದೀತು, ಗದ್ದೆಗೆ ಹರಿಯುವುದಿಲ್ಲ. ಅಡಿಯ ಜೇಡಿ ಪದರ ಒಡೆದರೆ ನೀರು ಇಂಗಿ ಕೆರೆ ಬೇಗ ಬತ್ತುತ್ತದೆ.

ಯಾವಾಗ ಶುರು ಮಾಡಬೇಕು?

ನವೆಂಬರ್, ಡಿಸೆಂಬರ್‌ನಲ್ಲೇ ನಿರ್ಣಯ ಆಗಲಿ. ಜನವರಿ, ಫೆಬ್ರವರಿಯಲ್ಲಿ ಅಳತೆ ಮತ್ತು ಅಂದಾಜು ಪಟ್ಟಿ ಮುಗಿದರೆ ಮಾರ್ಚ್‌ನಲ್ಲಿ ಅನುಮತಿಗೆ ಓಡಾಡಬಹುದು, ಏಪ್ರಿಲ್, ಮೇ ತಿಂಗಳು ಕೆಲಸಕ್ಕೆ ಸಿಗುತ್ತದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಪಂಚಾಯಿತಿಯಲ್ಲಿ, ಇನ್ನೊಂದು ಕೆರೆ ಬಳಕೆದಾರರ ಸಂಘದಲ್ಲಿ ಇಡಿ. ಪಿಡಿಒ ವರ್ಗ ಆದರೂ ಆಗ ಕಡತ ಕಳೆದುಹೋಗುವುದಿಲ್ಲ.