ಜನತಾ, ಪೈಲಟ್, ಕಾಂಚನ್: ಒಂದೇ ಕಂಪನಿಯ ಮೂರು ವಾಚುಗಳು

ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಅಜ್ಜನದೋ ಅಪ್ಪನದೋ ಒಂದು ಹಳೆಯ ಎಚ್.ಎಂ.ಟಿ. ವಾಚು ಇನ್ನೂ ಇದೆ. ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೋಗುವವರಿಗೂ ವಾಡಿ ಜಂಕ್ಷನ್ನಿನಲ್ಲಿ ರೈಲು ಹಿಡಿಯುವವರಿಗೂ ಒಂದು ಕಾಲಕ್ಕೆ ಅದೇ ಆಧಾರ. ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದುದೂ ಅದೇ. ಈಗ ಇವಕ್ಕೆ ಮತ್ತೆ ಬೇಡಿಕೆ ಬಂದಿದೆ. ಮಾರುವ ಅಥವಾ ಕೊಳ್ಳುವ ಮೊದಲು ಮಾದರಿಗಳ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಹಿಂದೂಸ್ತಾನ್ ಮಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಂಪನಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದು ವಾಚು ತಯಾರಿಕೆ ಶುರುಮಾಡಿತು.

ಜನತಾ ಹೆಸರಿಗೆ ತಕ್ಕಂತೆ ಸಾಮಾನ್ಯರ ವಾಚು. ದಿನಕ್ಕೊಮ್ಮೆ ಚಾವಿ ಕೊಡಬೇಕು. ಪೈಲಟ್‌ಗೆ ಕಪ್ಪು ಡಯಲ್, ಅದರ ಮೇಲೆ ಎದ್ದು ಕಾಣುವ ಅಂಕಿಗಳು. ನೋಡಲು ಎರಡೂ ಬೇರೆ ಬೇರೆ. ಆದರೆ ಹಿಂಬದಿ ಮುಚ್ಚಳ ತೆಗೆದರೆ ಒಳಗಿರುವುದು ಒಂದೇ ಯಂತ್ರ: 17 ಜ್ಯುವೆಲ್‌ಗಳ 0231. ಕಾಂಚನ್ ಮಾತ್ರ ನಿಜಕ್ಕೂ ಬೇರೆ. ಅದು ಆಟೋಮ್ಯಾಟಿಕ್. ಕೈ ಆಡಿದಂತೆ ಒಳಗಿನ ತೂಕದ ಬಿಲ್ಲೆ ತಿರುಗಿ ಸ್ಪ್ರಿಂಗನ್ನು ತಾನೇ ಸುತ್ತುತ್ತದೆ. ವಾರ, ತಾರೀಖನ್ನೂ ತೋರಿಸುತ್ತದೆ.

ಜ್ಯುವೆಲ್ ಎಂದರೆ ಆಭರಣದ ಹರಳಲ್ಲ. ಚಕ್ರದ ಅಚ್ಚು ತಿರುಗುವ ಜಾಗದಲ್ಲಿ ಘರ್ಷಣೆ, ಸವಕಳಿ ತಗ್ಗಿಸಲು ಕೂರಿಸಿದ ಕೃತಕ ಮಾಣಿಕ್ಯ. ರಸಾಯನಶಾಸ್ತ್ರದಲ್ಲಿ ನಾವು ಓದುವ ಅಲ್ಯೂಮಿನಿಯಂ ಆಕ್ಸೈಡೇ ಅದು, ಸ್ವಲ್ಪ ಕ್ರೋಮಿಯಂ ಸೇರಿರುತ್ತದೆ.

0231 ಯಂತ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತದೆ. ದಿನಕ್ಕೆ 4,32,000 ಮಿಡಿತ. 10,000ಕ್ಕೆ ಒಂದು ಮಿಡಿತ ತಪ್ಪಿದರೂ ವಾಚು ದಿನಕ್ಕೆ ಸುಮಾರು 9 ಸೆಕೆಂಡು ಹಿಂದೆ ಬೀಳುತ್ತದೆ. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಾವಿ ವಾಚುಗಳು ಅದರ ಮುಂದೆ ನಿಲ್ಲಲಾಗಲಿಲ್ಲ. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಈಗ ಮುಖ್ಯ ಮಾತು. ಜನತಾ ಮತ್ತು ಪೈಲಟ್ ಯಂತ್ರ ಒಂದೇ ಆದ್ದರಿಂದ ಒಂದರ ಡಯಲ್ ಇನ್ನೊಂದಕ್ಕೆ ಕೂರಿಸುವುದು ಸುಲಭ. ಹಳೆಯ ಜನತಾಕ್ಕೆ ಹೊಸ ಕಪ್ಪು ಡಯಲ್ ಹಾಕಿ ಪೈಲಟ್ ಎಂದು ಮಾರುವವರಿದ್ದಾರೆ. ಅರ್ಧ ಶತಮಾನದ ವಾಚಿನ ಡಯಲ್ ನಿನ್ನೆ ಬಣ್ಣ ಬಳಿದಂತೆ ಹೊಳೆಯುತ್ತಿದ್ದರೆ, ಅಕ್ಷರಗಳು ದಪ್ಪವಾಗಿ ಸೊಟ್ಟಗಿದ್ದರೆ ಅನುಮಾನಿಸಿ. ಮುಚ್ಚಳ ತೆಗೆಸಿ, ಯಂತ್ರದ ಮೇಲೆ ಎಚ್.ಎಂ.ಟಿ. ಗುರುತು ಇದೆಯೇ ನೋಡಿ. ಆಮೇಲೆ ಪೂರ್ತಿ ಚಾವಿ ಕೊಟ್ಟು, ಮೊಬೈಲ್ ಸಮಯಕ್ಕೆ ಹೊಂದಿಸಿ, 24 ಗಂಟೆ ಬಿಟ್ಟು ಹೋಲಿಸಿ.

ಮನೆಯಲ್ಲೇ ಹಳೆಯ ವಾಚಿದ್ದರೆ ಅದರ ಮಾಸಿದ ಡಯಲ್ ಬದಲಿಸಲು ಹೋಗಬೇಡಿ. ನಿಂತುಹೋಗಿದ್ದರೆ ಬಲವಂತವಾಗಿ ಚಾವಿ ತಿರುಗಿಸಬೇಡಿ. ಎಷ್ಟೋ ಸಲ ಒಳಗಿನ ಎಣ್ಣೆ ಒಣಗಿರುತ್ತದೆ, ಅಷ್ಟೇ. ಚಾವಿ ವಾಚಿನ ಕೆಲಸ ಬಲ್ಲ ರಿಪೇರಿಯವರು ಪೇಟೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ತೆಗೆದುಕೊಂಡು ಹೋಗಿ ತೋರಿಸಿ.