ಮಾತಿಲ್ಲದ ನಗೆಚಿತ್ರ

ಹುಮನಾಬಾದಿನಿಂದ ಬಸವಕಲ್ಯಾಣದ ಬಸ್ಸು ಹೊರಡುವಾಗ ಒಂದು ನೋಟವನ್ನು ಎಷ್ಟೋ ಸಲ ಕಾಣುತ್ತೇವೆ. ಒಳಗೆ ಕಿಟಕಿಯ ಬಳಿ ಮಗ, ಹೊರಗೆ ತಂದೆ. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸದು. ತಂದೆ ಐದು ಬೆರಳು ಕೂಡಿಸಿ ಬಾಯಿಗೆ ಒಯ್ಯುತ್ತಾನೆ. ಬಳಿಕ ಎದೆಯ ಜೇಬನ್ನು ತಟ್ಟುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣು, ದುಡ್ಡು ಜೋಪಾನ ಎಂಬುದು ಮಗನಿಗಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತ ಮರಾಠಿ, ಉರ್ದು, ತೆಲುಗು ಮಾತಿನವರಿಗೂ ತಿಳಿಯುತ್ತದೆ. ಮೂಕಚಿತ್ರದ ವ್ಯಾಕರಣ ಇದೇ.

ಅಮೆರಿಕದಲ್ಲಿ 1927ರಲ್ಲಿ ವಾಕ್ಚಿತ್ರ ಬಂದ ಮೇಲೂ ಚಾರ್ಲಿ ಚಾಪ್ಲಿನ್ನರು 1931ರಲ್ಲಿ ‘ಸಿಟಿ ಲೈಟ್ಸ್’ ಚಿತ್ರವನ್ನು ಸಂಭಾಷಣೆಯಿಲ್ಲದೆ ತೆಗೆದರು. ಕನ್ನಡ ಚಿತ್ರ 1934ರ ‘ಸತಿ ಸುಲೋಚನಾ’ದಿಂದ ಮಾತನಾಡತೊಡಗಿತು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 1987ರಲ್ಲಿ, ಸಿಂಗೀತಂ ಶ್ರೀನಿವಾಸರಾಯರು ಶೃಂಗಾರ್ ನಾಗರಾಜರೊಡಗೂಡಿ ‘ಪುಷ್ಪಕ ವಿಮಾನ’ವನ್ನು ಬೆಂಗಳೂರಿನಲ್ಲಿ ತಯಾರಿಸಿದರು. ಎರಡು ತಾಸಿಗೂ ಮಿಕ್ಕ ಈ ವರ್ಣಚಿತ್ರದಲ್ಲಿ ಪಾತ್ರಗಳು ಮಾತನಾಡುವುದಿಲ್ಲ. ಬೇರೆ ಬೇರೆ ಭಾಷೆಗಳ ನಾಡಿನಲ್ಲಿ ಅದಕ್ಕೆ ಹೆಸರು ಮಾತ್ರ ಬದಲಾಯಿತು, ಚಿತ್ರ ಒಂದೇ.

ಬಣ್ಣ ತೆಗೆದು, ಓಟ ಹೆಚ್ಚಿಸಿದರೆ ಹಳೆಯ ಶೈಲಿಯಾಯಿತೆಂದು ಕೆಲವರು ತಿಳಿಯುತ್ತಾರೆ. ಇದು ತಪ್ಪು ಕಲ್ಪನೆ. ಸೆಕೆಂಡಿಗೆ ಸುಮಾರು 16ರಿಂದ 20 ಚಿತ್ರಗಳಂತೆ ತೆಗೆದುದನ್ನು ವಾಕ್ಚಿತ್ರದ 24ರ ವೇಗದಲ್ಲಿ ಓಡಿಸಿದ್ದರಿಂದಲೇ ಹಳೆಯ ಚಿತ್ರಗಳ ಜನ ದಡಬಡಿಸಿ ನಡೆದಂತೆ ಕಾಣುತ್ತಾರೆ. ಶೈಲಿಯ ಗುಟ್ಟು ಬೇರೆಡೆ ಇದೆ.

ಮೊದಲನೆಯದಾಗಿ, ಮಾತಿಲ್ಲದಿರುವುದಕ್ಕೆ ಸಹಜವಾದ ಕಾರಣ ಬೇಕು: ದೂರ, ಗಾಜು, ಗದ್ದಲ. ‘ಪುಷ್ಪಕ ವಿಮಾನ’ದಲ್ಲಿ ನಾಯಕ, ನಾಯಿಕೆ ಸನ್ನೆಯಿಂದಲೇ ಸ್ನೇಹ ಬೆಳೆಸುತ್ತಾರೆ. ಎರಡನೆಯದಾಗಿ, ಕಥೆಯ ಭಾರವನ್ನು ವಸ್ತುವೊಂದು ಹೊರಬೇಕು. ಕೊಲೆಗಾರನ ಚೂರಿ ಮಂಜುಗಡ್ಡೆಯದು. ಅದು ಕರಗಿದಂತೆ ನಮ್ಮ ನಗೆ ಏರುತ್ತದೆ. ಮೂರನೆಯದಾಗಿ, ಮೂಕವೆಂದರೆ ನಿಶ್ಶಬ್ದವಲ್ಲ. ಗದ್ದಲದ ವಠಾರಕ್ಕೆ ಒಗ್ಗಿದ ನಾಯಕನಿಗೆ ಐಷಾರಾಮಿ ಹೋಟೆಲಿನ ಮೌನದಲ್ಲಿ ನಿದ್ರೆ ಬಾರದು. ತನ್ನ ಕೇರಿಯ ಸದ್ದನ್ನೇ ಟೇಪಿನಲ್ಲಿ ತುಂಬಿ ತಂದು ಕೇಳುತ್ತ ಮಲಗುತ್ತಾನೆ. ಬಡತನವನ್ನು ಕುರಿತು ಇಷ್ಟನ್ನು ಹೇಳಲು ಸಂಭಾಷಣೆಗೆ ಎಷ್ಟು ಪುಟ ಬೇಕಾಗುತ್ತಿತ್ತೋ!

ಕಮಲ ಹಾಸನ್ ಅಭಿನಯಿಸಿದ ಆ ನಾಯಕ ಯಾರು? ಕೆಲಸ ಸಿಗದ ಪದವೀಧರ. ಪರರ ಸಿರಿಯನ್ನು ಕೆಲವು ದಿನ ಅನುಭವಿಸಿ, ಅದನ್ನು ಬಿಟ್ಟು, ಕೊನೆಗೆ ಕೈಯಲ್ಲಿ ಒಂದು ಗುಲಾಬಿ ಹಿಡಿದು ಉದ್ಯೋಗಾರ್ಥಿಗಳ ಸಾಲಿನಲ್ಲಿ ನಿಲ್ಲುತ್ತಾನೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಬಾಗಿಲಿಗೆ ಬಂದ ನನ್ನಂಥವರಿಗೆ ಆ ಸಾಲು ಅಪರಿಚಿತವಲ್ಲ. ಅಲ್ಲಿಯವರೆಗೆ ನಕ್ಕವನು ಅಲ್ಲಿ ಸುಮ್ಮನಾದೆ.

ಶರಣರ ವಚನಗಳಿಂದ ಕಲ್ಯಾಣ ಮಾತಿನ ನಾಡಾಯಿತು. ಆದರೆ ಇಂದು ಒಂದೇ ಬೆಂಚಿನ ಮೇಲೆ ಕುಳಿತ ನಾವು ಭಾಷೆಯ ಮೇಲೆ ಗುಂಪಾಗುವುದುಂಟು. ಮೊಬೈಲಿನಲ್ಲೇ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿ ವಿದ್ಯಾರ್ಥಿ ಮಿತ್ರರು ಹತ್ತು ನಿಮಿಷದ ಒಂದು ಮೂಕ ನಗೆಚಿತ್ರವನ್ನು ಏಕೆ ತೆಗೆಯಬಾರದು? ಖರ್ಚು ಅಲ್ಪ. ಆರಂಭಕ್ಕೆ ಹುಮನಾಬಾದಿನ ಬಸ್ಸು, ಕಿಟಕಿ, ತಂದೆಯ ಐದು ಬೆರಳು ಸಾಕು.